ಹಿಂದಿನ ಎರಡು ಟೈರಿಗೂ ಸಮ ಭಾರ

ಕಿಕ್ಕೇರಿ ಎಂದರೆ ಜನಕ್ಕೆ ನೆನಪಾಗುವುದು ಕೆ.ಎಸ್. ನರಸಿಂಹಸ್ವಾಮಿ, ಇಲ್ಲವೇ ಹೊಯ್ಸಳರ ಬ್ರಹ್ಮೇಶ್ವರ ಗುಡಿ. ಡ್ರ್ಯಾಗ್ ರೇಸ್ ಅಂತೂ ಅಲ್ಲ. ನನ್ನ ಶೆಡ್ಡಿನ ಹೊಟ್ಟೆಪಾಡೂ ಕಬ್ಬಿನ ಟ್ರ್ಯಾಕ್ಟರು, ಟ್ರೇಲರು, ಹಳೇ ಜೀಪುಗಳಿಂದಲೇ. ಆದರೂ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ಕಡೆಯಿಂದ ಎಂಜಿನ್ ಬದಲಾಯಿಸಿದ ಜಿಪ್ಸಿಯನ್ನೋ ಕಾಂಟೆಸ್ಸಾವನ್ನೋ ತಂದು, ಏರ್‌ಸ್ಟ್ರಿಪ್ಪಿನಲ್ಲಿ ಕಾಲು ಮೈಲಿ ಓಡಿಸಬೇಕು ಎನ್ನುವ ಹುಡುಗರಿದ್ದಾರೆ. ಹಿಂದಿನ ಆಂಟಿ ರೋಲ್ ಬಾರ್ ಬಗ್ಗೆ ಅವರಿಗೆ ಹೇಳುತ್ತ ಬಂದದ್ದು ಇದು.

1. ಬಾರ್ ಇರುವುದು ಕಾರು ವಾಲದಿರಲಿ ಎಂದಲ್ಲ

ತಿರುವಿನಲ್ಲಿ ವಾಲದಂತೆ ಹಿಡಿಯುವುದು ಬಸ್ಸಿನ ಬಾರಿನ ಕೆಲಸ. ಡ್ರ್ಯಾಗ್ ಕಾರಿಗೆ ತಿರುವೇ ಇಲ್ಲ. ಇಲ್ಲಿ ತೊಂದರೆ ಪ್ರೊಪೆಲ್ಲರ್ ಶಾಫ್ಟಿನದು. ಹಿಂದಿನಿಂದ ನೋಡಿದರೆ ಶಾಫ್ಟ್ ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಕ್ಲಚ್ ಬಿಟ್ಟ ಕ್ಷಣ ಆ ತಿರುಚು ಪಿನಿಯನ್ ಮೂಲಕ ಆಕ್ಸಲ್ ಹೌಸಿಂಗಿಗೆ ಬಂದು, ಎಡ ಟೈರನ್ನು ನೆಲಕ್ಕೆ ಒತ್ತುತ್ತದೆ, ಬಲ ಟೈರನ್ನು ಎತ್ತುತ್ತದೆ. ಅದೇ ಹೊತ್ತಿಗೆ ಬಾಡಿ ಎದುರು ದಿಕ್ಕಿಗೆ ತಿರುಚಿಕೊಂಡು, ಮುಂದಿನ ಎಡ ಮೂಲೆ ಮೇಲೇಳುತ್ತದೆ.

ಒಂದು ಲೆಕ್ಕ ನೋಡಿ. ಎಂಜಿನ್ ಟಾರ್ಕ್ 200 ನ್ಯೂಟನ್ ಮೀಟರ್, ಮೊದಲ ಗೇರ್ 3.6 ಎಂದಿಟ್ಟುಕೊಂಡರೆ ಶಾಫ್ಟಿಗೆ ಬರುವುದು 720. ಹಿಂದಿನ ಟೈರುಗಳ ನಡುವೆ 1.3 ಮೀಟರ್ ಇದ್ದರೆ, ತಡೆಯುವವರು ಯಾರೂ ಇಲ್ಲದಾಗ ಬಲ ಟೈರಿನಿಂದ ಸುಮಾರು 56 ಕಿಲೋ ಭಾರ ಇಳಿದು ಎಡಕ್ಕೆ ಹೋಗುತ್ತದೆ. ಎರಡರ ನಡುವೆ 110 ಕಿಲೋ ಮೀರಿದ ಅಂತರ. ಡಿಫರೆನ್ಷಿಯಲ್ ಲಾಕ್ ಇಲ್ಲದ ಗಾಡಿಯಲ್ಲಿ ಬಲ ಟೈರು ಸುಮ್ಮನೆ ಸುತ್ತಿ ಹೊಗೆ ಬಿಡುತ್ತದೆ. ಲಾಕ್ ಇದ್ದರೆ ಎಡ ಟೈರಿನ ತಳ್ಳು ಜಾಸ್ತಿಯಾಗಿ ಕಾರು ಬಲಕ್ಕೆ ಎಳೆಯುತ್ತದೆ. ನಮ್ಮ ಕಡೆ ಎತ್ತಿನಗಾಡಿ ಓಟ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಜೋಡಿಯಲ್ಲಿ ಎಡದ ಎತ್ತು ಮುನ್ನುಗ್ಗಿದರೆ ಗಾಡಿ ಹೊರಳುವುದು ಬಲಕ್ಕೇ.

ಬಾಡಿಯ ತಿರುಚನ್ನು ಹಿಡಿಯಲು ಮುಂದಿನ ಸಸ್ಪೆನ್ಷನ್ ಇದೆ, ಹಿಂದಿನದೂ ಇದೆ. ಹಿಂದಿನದು ಎಷ್ಟು ಪಾಲು ಹಿಡಿಯುತ್ತದೋ ಅಷ್ಟು ತಿರುಚು ಮರಳಿ ಆಕ್ಸಲ್‌ಗೆ ಬಂದು ಬಲ ಟೈರನ್ನು ಕೆಳಗೆ ಒತ್ತುತ್ತದೆ. ಹಿಂದಿನ ಬಾರ್ ಮಾಡುವುದು ಈ ಪಾಲನ್ನು ಹೆಚ್ಚಿಸುವ ಕೆಲಸ, ಅಷ್ಟೇ.

2. ಮುಂದಿನ ಬಾರ್ ಕಳಚಿ

ಮೇಲಿನದು ಅರ್ಥವಾದರೆ ಇದು ತಾನಾಗಿಯೇ ಬರುತ್ತದೆ. ಮುಂದಿನ ಬಾರ್ ಬಿಗಿಯಾಗಿದ್ದಷ್ಟೂ ತಿರುಚನ್ನು ತಾನೇ ನುಂಗಿಕೊಳ್ಳುತ್ತದೆ, ಹಿಂದಕ್ಕೆ ಪಾಲು ಉಳಿಯುವುದಿಲ್ಲ. ಓಡುದಾರಿಯಲ್ಲಿ ಬಾರನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಲಿಂಕ್ ಬಿಚ್ಚಿಡಿ, ರಸ್ತೆಗಿಳಿಯುವ ಮುಂಚೆ ಮತ್ತೆ ಹಾಕಿ.

3. ಎಲ್ಲ ಕಾರಿಗೂ ಇದು ಬೇಡ

ಸ್ವಿಫ್ಟ್, ಸಿಟಿ, ಬಲೆನೋದವರೂ ಬಾರ್ ಕೇಳಿಕೊಂಡು ಬರುತ್ತಾರೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹಿಂದಿನ ಆಕ್ಸಲ್‌ಗೆ ತಿರುಚೇ ಬರುವುದಿಲ್ಲ, ದುಡ್ಡು ಉಳಿಸಿಕೊಳ್ಳಿ ಎಂದು ಕಳಿಸುತ್ತೇನೆ. ಹಿಂದಿನ ಚಕ್ರಗಳು ಬಿಡಿಬಿಡಿಯಾಗಿ ಆಡುವ ಬಿಎಂಡಬ್ಲ್ಯು, ಹೊಸ ಮಸ್ಟಾಂಗ್‌ಗಳಲ್ಲೂ ಡಿಫರೆನ್ಷಿಯಲ್ ಬಾಡಿಗೇ ಬೋಲ್ಟ್ ಆಗಿರುವುದರಿಂದ ಶಾಫ್ಟಿನ ತಿರುಚು ಟೈರುಗಳವರೆಗೆ ಬರುವುದಿಲ್ಲ. ಬಾರ್ ಬೇಕಾದದ್ದು ಇಡೀ ಆಕ್ಸಲ್ ಒಂದೇ ತುಂಡಾಗಿರುವ ಜಿಪ್ಸಿ, ಜೀಪ್, ಅಂಬಾಸಿಡರ್, ಕಾಂಟೆಸ್ಸಾದಂಥವಕ್ಕೆ. ಅವುಗಳಲ್ಲೂ ಲೀಫ್ ಸ್ಪ್ರಿಂಗ್ ಇದ್ದರೆ ಮೊದಲು ಟ್ರ್ಯಾಕ್ಷನ್ ಬಾರ್ ಹಾಕಿಸಬೇಕು. ಲೀಫ್ ತಾನೇ ಹಾವಿನಂತೆ ಬಳುಕುತ್ತಿರುವಾಗ ಆಂಟಿ ರೋಲ್ ಬಾರ್ ಹೊಂದಿಸಿ ಫಲವಿಲ್ಲ.

4. ದಪ್ಪ ಆರಿಸುವಾಗ ಲೆಕ್ಕ ಹಾಕಿ

"ಅಣ್ಣ, ದಪ್ಪ್‌ದೇ ಆಕ್ಬುಡಿ, ಏನಾಯ್ತದೆ?" ಎನ್ನುತ್ತಾರೆ. ಬಾರಿನ ಬಿಗಿ ಏರುವುದು ವ್ಯಾಸದ ನಾಲ್ಕನೇ ಘಾತದಲ್ಲಿ. 25 ಮಿಲಿಮೀಟರಿನಿಂದ 28ಕ್ಕೆ ಹೋದರೆ ಮೂರೇ ಮಿಲಿಮೀಟರು ಹೆಚ್ಚಿದಂತೆ ಕಾಣುತ್ತದೆ, ಬಿಗಿ ಮಾತ್ರ ಒಂದೂವರೆ ಪಟ್ಟು ದಾಟುತ್ತದೆ. ಪೊಳ್ಳು ಬಾರ್ ಒಳ್ಳೆಯ ಆಯ್ಕೆ: ಹೊರವ್ಯಾಸ 32, ಒಳವ್ಯಾಸ 24 ಇದ್ದರೆ ಅದೇ ಹೊರವ್ಯಾಸದ ಗಟ್ಟಿ ಬಾರಿಗೆ ಹೋಲಿಸಿದರೆ ತೂಕ ಅರ್ಧಕ್ಕಿಂತ ಕಡಿಮೆ, ಕಳೆದುಕೊಳ್ಳುವ ಬಿಗಿ ಮೂರನೇ ಒಂದು ಪಾಲಿನಷ್ಟು. ಬಾರಿನ ತುದಿಯಿಂದ ಲಿಂಕಿಗೆ ಹೋಗುವ ತೋಳಿನ ಉದ್ದವನ್ನೂ ಮರೆಯಬೇಡಿ. ತೋಳು ಗಿಡ್ಡವಾದಷ್ಟೂ ಟೈರಿಗೆ ತಟ್ಟುವ ಬಿಗಿ ವೇಗವಾಗಿ ಏರುತ್ತದೆ. ಇಷ್ಟು ಶಕ್ತಿಯ ಬಾರನ್ನು ತೆಳು ತಗಡಿಗೆ ವೆಲ್ಡ್ ಮಾಡಿದರೆ ತಿರುಚುವುದು ತಗಡೇ. ಚಾಸಿಸ್ಸಿಗೆ ದಪ್ಪ ಪ್ಲೇಟ್ ಕೊಟ್ಟು, ಅದರ ಮೇಲೆ ಬ್ರಾಕೆಟ್ ಕೂರಿಸಿ.

5. ಸ್ಪ್ರಿಂಗ್ ತೆಗೆದು ಆಡಿಸಿ ನೋಡಿ

ಕಾರು ನಿಂತ ಎತ್ತರದಲ್ಲಿ ತೋಳು ನೆಲಕ್ಕೆ ಸಮಾನಾಂತರ, ಲಿಂಕ್ ಅದಕ್ಕೆ ನೇರ ಲಂಬ ಇರಲಿ. ಸ್ಪ್ರಿಂಗ್ ತೆಗೆದು, ಜಾಕಿನಿಂದ ಆಕ್ಸಲ್ಲನ್ನು ಪೂರ್ತಿ ಮೇಲಕ್ಕೆ, ಪೂರ್ತಿ ಕೆಳಕ್ಕೆ ಆಡಿಸಿ. ಎರಡೂ ಚಕ್ರ ಒಟ್ಟಿಗೆ ಏರಿಳಿಯುವಾಗ ಬಾರ್ ಅಡ್ಡಬರಬಾರದು, ರಬ್ಬರ್ ಬುಷ್ಷಿನಂತೆ ಸಡಿಲವೂ ಇರಬಾರದು. ಅಡ್ಡಬಂದರೆ ಶಾಕ್ ಅಬ್ಸಾರ್ಬರ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

6. ಸೊನ್ನೆಯಿಂದ ಶುರು ಮಾಡಿ, ಸೀಟಿನಲ್ಲಿ ಓಡಿಸುವವನು ಕೂತಿರಲಿ

ನೆಲ ಮಟ್ಟವಾಗಿರಬೇಕು. ಟೈರಿನ ಗಾಳಿ, ಪೆಟ್ರೋಲು ಓಟದ ದಿನದಷ್ಟೇ ಇರಬೇಕು. ಒಂದು ಕಡೆಯ ಲಿಂಕ್ ಜೋಡಿಸಿ. ಇನ್ನೊಂದರ ಬೋಲ್ಟ್ ಬೆರಳಲ್ಲಿ ತಳ್ಳಿದರೆ ಒಳಹೋಗುವಷ್ಟು ಉದ್ದ ಹೊಂದಿಸಿ. ಸುತ್ತಿಗೆ ಬೇಕಾಯಿತೆಂದರೆ ಬಾರ್ ಆಗಲೇ ತಿರುಚಿಕೊಂಡಿದೆ ಎಂದರ್ಥ. ಭಾರ ನೋಡಲು ಚಕ್ರಕ್ಕೊಂದು ಸ್ಕೇಲ್ ಬೇಕು. ಟನ್‌ಗಟ್ಟಲೆ ಕಬ್ಬು ತೂಗುವ ವೇ ಬ್ರಿಡ್ಜಿಗೆ ಕೊಂಡೊಯ್ದು ಐದಾರು ಕಿಲೋ ವ್ಯತ್ಯಾಸ ಹುಡುಕಬೇಡಿ.

ಈ ವಿಷಯದಲ್ಲಿ ಸಿಗುವ ಕೈಪಿಡಿಗಳು ಬಹುಪಾಲು ಅಮೆರಿಕದವು. ಅಲ್ಲಿ ಓಡಿಸುವವನು ಎಡಕ್ಕೆ ಕೂರುತ್ತಾನೆ, ಮೊದಲೇ ಒತ್ತಡ ಬೀಳುವ ಕಡೆಗೆ. ನಮ್ಮಲ್ಲಿ ಅವನು ಬಲಕ್ಕೆ. 70 ಕಿಲೋ ಆಸಾಮಿ ನಡುಗೆರೆಯಿಂದ 35 ಸೆಂಟಿಮೀಟರ್ ಬಲಕ್ಕೆ ಕೂತರೆ ಬಲ ಹಿಂದಿನ ಟೈರಿಗೆ ಸುಮಾರು ಹತ್ತು ಕಿಲೋ ಹೆಚ್ಚು ಸಿಗುತ್ತದೆ, ಎಡಕ್ಕೆ ಅಷ್ಟೇ ತಗ್ಗುತ್ತದೆ. ಅಮೆರಿಕದವರು ಹೇಳಿದಷ್ಟು ಪ್ರೀಲೋಡನ್ನು, ಅಂದರೆ ಬಲ ಟೈರನ್ನು ಒತ್ತಲು ಬಾರಿಗೆ ಮೊದಲೇ ಕೊಡುವ ತಿರುಚನ್ನು, ಕಣ್ಣುಮುಚ್ಚಿ ಹಾಕಿದರೆ ನಮ್ಮ ಕಾರಿಗೆ ಅದು ಅತಿಯಾಗಬಹುದು.

7. ಪ್ರೀಲೋಡ್ ಉಪ್ಪಿನಷ್ಟಿರಲಿ

ಬಾರ್ ಸರಿಯಿದ್ದರೆ ಪ್ರೀಲೋಡ್ ಬೇಕಾಗುವುದೇ ಕಡಿಮೆ. ನೇರ ಹಿಂದೆ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡಿಸಿ, ಡಾಂಬರಿನ ಮೇಲೆ ಬಿದ್ದ ಎರಡು ಕಪ್ಪು ಗೆರೆಗಳನ್ನು ನಡೆದು ನೋಡಿ. ಮೊದಲ 60 ಅಡಿಯಲ್ಲಿ ಕಾರು ಬಲಕ್ಕೆ ಸರಿದರೆ ಬಲ ಲಿಂಕನ್ನು ಕೊಂಚ ಉದ್ದ ಮಾಡಿ, ಎಡಕ್ಕೆ ಸರಿದರೆ ಗಿಡ್ಡ ಮಾಡಿ. ಲಿಂಕಿನ ಒಂದು ತುದಿಗೆ ಬಲ ಮರೆ, ಇನ್ನೊಂದಕ್ಕೆ ಎಡ ಮರೆ ಇರುತ್ತದೆ. ಮರೆಯ ಅಂತರ 1.5 ಮಿಲಿಮೀಟರ್ ಆದರೆ ಒಂದು ಸುತ್ತಿಗೆ 3 ಮಿಲಿಮೀಟರ್ ಬದಲಾಗುತ್ತದೆ, ಆರು ಮೂಲೆಯ ನಟ್ಟಿನಲ್ಲಿ ಒಂದು ಮುಖಕ್ಕೆ ಅರ್ಧ. ಒಂದು ಓಟಕ್ಕೆ ಒಂದೋ ಎರಡೋ ಮುಖ ಸಾಕು. ಅದೇ ಓಟದಲ್ಲಿ ಟೈರಿನ ಗಾಳಿಯನ್ನೂ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಕಾರು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸರಿಯುತ್ತಿದ್ದರೆ ಬಾರ್ ಮುಟ್ಟಬೇಡಿ. ಆಕ್ಸಲ್ ಓರೆ ಕೂತಿದೆಯೇ, ಬುಷ್ ಸವೆದಿದೆಯೇ ನೋಡಿ.

8. ಎಲ್ಲಿ ಓಡಿಸುವುದು

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ, ಶ್ರೀರಂಗಪಟ್ಟಣದ ಹತ್ತಿರ ರಾತ್ರಿ ಒಂದು ರೌಂಡ್ ನೋಡೋಣವಾ ಎಂದು ಕೇಳುವವರು ಹುಟ್ಟಿಕೊಂಡಿದ್ದಾರೆ. ಅಂಥವರ ಕಾರಿಗೆ ನಾನು ಸ್ಪ್ಯಾನರ್ ಹಚ್ಚುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಅದು ಹಾಗಿರಲಿ, ಮುಂದಿನ ಬಾರ್ ಕಳಚಿದ ಕಾರು ತುರ್ತಾಗಿ ಲೇನ್ ಬದಲಿಸಬೇಕಾಗಿ ಬಂದರೆ ಹಿಂಬದಿ ಜಾರಿ ಸುತ್ತಿಕೊಳ್ಳುತ್ತದೆ. ಅನುಮತಿ ಇರುವ, ಆಂಬುಲೆನ್ಸ್ ನಿಂತಿರುವ ಓಡುದಾರಿಗೆ ಹೋಗಿ. ಕಾರನ್ನು ಟ್ರೇಲರ್ ಮೇಲೆ ಏರಿಸಿಕೊಂಡೇ ಹೋಗಿ, ಇಳಿಸಿದ ಮೇಲೆ ಲಿಂಕಿನ ಲಾಕ್ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.