ದಾಸೋಹ ಮತ್ತು ಶಾಲೆಯ ಹಾಜರಿ

ನಮ್ಮ ಮಠಗಳಲ್ಲಿ ದಾಸೋಹವೆಂದರೆ ಅನ್ನದೊಡನೆ ಅಕ್ಷರವೂ ಸೇರಿದೆ. ವಚನಕಟ್ಟುಗಳನ್ನು ಅರಸಿ ತಂದು ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರು 1910ರಲ್ಲಿ ವಿಜಯಪುರದಲ್ಲಿ ವಿದ್ಯಾಸಂಸ್ಥೆಯನ್ನೂ ಕಟ್ಟಿದರು. ಸರಕಾರವು 2002ರಲ್ಲಿ ಶಾಲೆಯ ಮಧ್ಯಾಹ್ನದ ಊಟಕ್ಕೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟು ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭಿಸಿದಾಗ ಅವುಗಳಲ್ಲಿ ಈ ಜಿಲ್ಲೆಯೂ ಒಂದಾಗಿದ್ದಿತು.

ಆದರೆ ಅನ್ನವು ಮಗುವನ್ನು ಶಾಲೆಯ ಬಾಗಿಲಿಗೆ ಕರೆತರುವುದು. ನಿತ್ಯವೂ ಕಳುಹುವ ಹೊಣೆ ಮನೆಯದು. ಜೋರಾಪುರ ಪೇಟೆಯ ತಾಯಿತಂದೆಗಳು ಈ ಲೆಕ್ಕವನ್ನು ಮಾಡಿ ನೋಡಬೇಕು. ಶಾಲೆ ನಡೆಯುವ ಆರು ದಿನಗಳಲ್ಲಿ ಒಂದು ದಿನ, ಸಂತೆಗೆಂದೋ ತೊಟ್ಟಿಲು ತೂಗಲೆಂದೋ, ಮಗುವನ್ನು ನಿಲ್ಲಿಸಿಕೊಂಡರೆ ಏಳು ವರ್ಷಗಳಲ್ಲಿ ಒಂದು ವರ್ಷಕ್ಕೂ ಮಿಕ್ಕಿದ ಪಾಠ ಹೋಯಿತು! ತಿಕೋಟಾ, ಬಬಲೇಶ್ವರಗಳ ಕಡೆ ದ್ರಾಕ್ಷಿಯ ಸುಗ್ಗಿಯಂತೂ ಪರೀಕ್ಷೆ ಸಮೀಪಿಸುವ ಹೊತ್ತಿಗೇ ಬರುತ್ತದೆ.

ಕಬ್ಬು ಕಡಿಯಲು ಗುಳೆ ಹೋಗುವವರ ಮಕ್ಕಳ ಪಾಡು ಇನ್ನೂ ಕಠಿಣವಾದುದು. ಆ ತಾಯಿತಂದೆಗಳನ್ನು ಜರೆಯುವುದು ಸುಲಭ. ಅವರು ಮರಳುವವರೆಗೆ ಅವರ ಮಗುವನ್ನು ತನ್ನ ಮನೆಯಲ್ಲಿಟ್ಟುಕೊಂಡು ಶಾಲೆಗೆ ಕಳುಹುವ ನೆರೆಯವನು ಅಪರೂಪ. ದಾಸೋಹಕ್ಕೆ ಅದಕ್ಕಿಂತ ಹತ್ತಿರದ ಅವಕಾಶ ಯಾವುದಿದೆ?

ಇನ್ನು, ಬಂದ ಮಗು ಹಿಂದಿನ ಸಾಲಿನಲ್ಲಿ ಮೂಕವಾಗಿ ಕುಳಿತರೆ ಹಾಜರಿ ಪುಸ್ತಕ ತುಂಬೀತು, ಅರಿವು ತುಂಬದು. ಅನುಭವಮಂಟಪವು ಪ್ರಶ್ನೋತ್ತರಗಳಿಂದ ನಡೆದ ಗೋಷ್ಠಿಯೆಂಬುದನ್ನು ಶೂನ್ಯಸಂಪಾದನೆಯೇ ತೋರಿಸುತ್ತದೆ. ಸಂಜೆ ಮನೆಗೆ ಬಂದ ಮಗುವನ್ನು "ಇಂದು ಗುರುಗಳನ್ನು ಏನು ಪ್ರಶ್ನಿಸಿದೆ?" ಎಂದು ವಿಚಾರಿಸಬೇಕು. ಓದುಬಾರದ ತಾಯಿಯೂ ಇಷ್ಟನ್ನು ಕೇಳಬಲ್ಲಳು.