ಹಳೆಯ ಕುರ್ಚಿ: ಕೊಳ್ಳುವ ಮೊದಲು ತಲೆಕೆಳಗು ಮಾಡಿ ನೋಡಿ

ಹಳೆಯ ಸಾಮಾನಿನ ಅಂಗಡಿಯಲ್ಲಿ ಕಾಣುವ ಕುರ್ಚಿಗಳೆಲ್ಲ ಆ್ಯಂಟಿಕ್ ಅಲ್ಲ. ನೂರು ವರ್ಷ ದಾಟಿದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ ಎನ್ನುವುದು ವ್ಯಾಪಾರದ ರೂಢಿ. ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆಯೂ ಇದೇ ಗಡಿ ಹಾಕಿದೆ. ನಲವತ್ತು–ಐವತ್ತು ವರ್ಷ ಬಳಕೆಯಾಗಿ, ತನ್ನ ಕಾಲದ ಗುರುತು ಉಳಿಸಿಕೊಂಡದ್ದು ವಿಂಟೇಜ್. ಎರಡಕ್ಕೂ ಸೇರದ ಇನ್ನೊಂದು ಬಗೆಯೂ ಉಂಟು: ಹಳೆಯ ಮಾದರಿಯಲ್ಲಿ ಹೊಸದಾಗಿ ಮಾಡಿದವು. ಜೋಧ್‌ಪುರದಲ್ಲಿ ಇಂಥವನ್ನು ಮಾಡುವುದೇ ದೊಡ್ಡ ಉದ್ಯಮ. ಹೊಸದೆಂದು ಹೇಳಿ ಮಾರಿದರೆ ತಕರಾರಿಲ್ಲ. ಹಳೆಯದರ ಬೆಲೆ ಕೇಳಿದಾಗ ಮಾತ್ರ ಪರೀಕ್ಷೆ ಬೇಕಾಗುತ್ತದೆ. ದಿನವೂ ಕೂರುವ ಕುರ್ಚಿಗಾದರೆ ವಯಸ್ಸಿಗಿಂತ ಚೌಕಟ್ಟಿನ ಗಟ್ಟಿತನವೇ ಮುಖ್ಯ.

ಮೊದಲು ಅಳತೆ

ಅಂಗಡಿಗೆ ಹೋಗುವ ಮೊದಲೇ ಕುರ್ಚಿ ಎಲ್ಲಿರಬೇಕು, ಯಾರು ಕೂರುತ್ತಾರೆ ಎಂಬುದು ತೀರ್ಮಾನವಾಗಿರಬೇಕು. ಊಟದ ಮೇಜಿಗಾದರೆ ಸೀಟು ನೆಲದಿಂದ 43ರಿಂದ 46 ಸೆಂ.ಮೀ. ಎತ್ತರದಲ್ಲಿದ್ದು, ಮೇಜಿನ ಮೇಲ್ಮೈಗೂ ಸೀಟಿಗೂ ನಡುವೆ 25ರಿಂದ 30 ಸೆಂ.ಮೀ. ಅಂತರ ಉಳಿಯಬೇಕು. ಕೈಗಳಿರುವ ಕುರ್ಚಿಯಾದರೆ ಆ ಕೈಗಳು ಮೇಜಿನ ಅಡಿಗೆ ಹೋಗುತ್ತವೆಯೇ ಎಂದೂ ಅಳೆಯಬೇಕು. ಸೀಟು 40 ಸೆಂ.ಮೀ.ಗಿಂತ ಕೆಳಗಿದ್ದರೆ ಅನುಮಾನಕ್ಕೆ ಎಡೆಯಿದೆ. ತೇವಕ್ಕೋ ಗೆದ್ದಲಿಗೋ ಸಿಕ್ಕಿ ಹಾಳಾದ ಕಾಲುಗಳ ತುದಿಯನ್ನು ಕೊಯ್ದು ಸರಿಸಮ ಮಾಡುವುದು ಹಳೆಯ ಉಪಾಯ. ಮಂಡಿನೋವಿರುವ ಹಿರಿಯರಿಗೆ ಇಂಥ ತಗ್ಗು ಕುರ್ಚಿ ಶಿಕ್ಷೆಯೇ ಸರಿ.

ಕೊಡಗು, ಚಿಕ್ಕಮಗಳೂರು, ನೀಲಗಿರಿಯ ತೋಟದ ಬಂಗಲೆಗಳಲ್ಲಿದ್ದ ಪ್ಲಾಂಟರ್ಸ್ ಚೇರಿಗೆ ಈಗ ಬೇಡಿಕೆ ಹೆಚ್ಚು. ಇಳಿಜಾರಾದ ಬೆತ್ತದ ಒರಗು, ಕೈಗಳ ಅಡಿಯಿಂದ ಮುಂದಕ್ಕೆ ತಿರುಗಿಸಿ ಕಾಲು ಚಾಚಲು ಬರುವ ಪಟ್ಟಿಗಳು ಇದರ ಗುರುತು. ಪಟ್ಟಿ ಬಿಚ್ಚಿದಾಗ ಇದು ಐದು ಅಡಿಗೂ ಹೆಚ್ಚು ಜಾಗ ಹಿಡಿಯಬಹುದು. ಜಗುಲಿ ಅಥವಾ ಅಗಲವಾದ ಬಾಲ್ಕನಿ ಇದ್ದರೆ ಇದಕ್ಕಿಂತ ಒಳ್ಳೆಯ ಕುರ್ಚಿ ಇಲ್ಲ. ಫ್ಲ್ಯಾಟಿನ ಚಿಕ್ಕ ಹಾಲಿನಲ್ಲಿ ಓಡಾಡುವವರೆಲ್ಲ ಎಡವುತ್ತಾರೆ. ಅಂಥ ಮನೆಗೆ ಮಡಚಿಡಬಹುದಾದ ಬಟ್ಟೆಯ ಆರಾಮ ಕುರ್ಚಿ ವಾಸಿ.

ಇರಾನಿ ಕೆಫೆಗಳಿಂದ ಪರಿಚಿತವಾದ ಬಾಗುಮರದ ಕುರ್ಚಿಯ ಮೂಲ ವಿಯೆನ್ನಾ. ಮೈಕೇಲ್ ಥೋನೆಟ್ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಯಲ್ಲಿದ್ದದ್ದು ಹಬೆಯಲ್ಲಿ ಬಗ್ಗಿಸಿದ ಬೀಚ್ ಮರದ ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್ ಮಾತ್ರ. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಹಗುರ, ನೋಡಲು ಅಂದ, ಊಟದ ಮೇಜಿಗೆ ಹೊಂದುತ್ತದೆ. ಆದರೆ ಬೀಚ್ ಮರ ಹುಳುವಿಗೆ ಬೇಗ ತುತ್ತಾಗುತ್ತದೆ. ಮಲೆನಾಡು, ಕರಾವಳಿಯ ಮನೆಗಳಿಗೆ ಇದನ್ನು ತರುವ ಮೊದಲು ಎರಡು ಸಲ ಯೋಚಿಸಬೇಕು.

ತಲೆಕೆಳಗು ಮಾಡಿದಾಗ ಕಾಣುವುದು

ಪಾಲಿಶು ಮುಚ್ಚಿಟ್ಟದ್ದನ್ನು ಅಡಿಭಾಗ ಹೇಳಿಬಿಡುತ್ತದೆ. ಕುರ್ಚಿಯನ್ನು ಬೆಳಕಿಗೆ ತಂದು, ತಲೆಕೆಳಗು ಮಾಡಿ, ಟಾರ್ಚು ಹಿಡಿದು ನೋಡಬೇಕು. ಅಲ್ಲಿ ಮರ ಒಣಗಿ, ಮಂಕಾಗಿ, ಸಂದಿಗಳಲ್ಲಿ ದೂಳು ಕೂತಿರಬೇಕು. ಅಡಿಭಾಗಕ್ಕೂ ಒಂದೇ ಸಮನೆ ಕಡುಬಣ್ಣ ಬಳಿದಿದ್ದರೆ ಏನನ್ನೋ ಮುಚ್ಚಲಾಗಿದೆ ಎಂದೇ ತಿಳಿಯಬಹುದು.

ಆಮೇಲೆ ಜೋಡಣೆ. ಒಂದು ಮರದ ತುದಿಯನ್ನು ಇನ್ನೊಂದರ ತೂತಿನಲ್ಲಿ ಕೂರಿಸಿ, ಅಡ್ಡಲಾಗಿ ಮರದ ಅಥವಾ ಬಿದಿರಿನ ಗೂಟ ಹೊಡೆಯುವುದು ಹಳೆಯ ಬಡಗಿಗಳ ಪದ್ಧತಿ. ಗೂಟದ ತಲೆ ಮೇಲ್ಮೈಗಿಂತ ಕೂದಲೆಳೆಯಷ್ಟು ಉಬ್ಬಿದ್ದರೆ ಒಳ್ಳೆಯ ಲಕ್ಷಣ. ವರ್ಷಗಳು ಕಳೆದಂತೆ ಸುತ್ತಲ ಮರ ಕುಗ್ಗಿರುತ್ತದೆ, ಗೂಟ ತನ್ನ ಉದ್ದದಲ್ಲಿ ಅಷ್ಟು ಕುಗ್ಗುವುದಿಲ್ಲ. ಕಡೆದ ದುಂಡು ಕಾಲುಗಳೂ ಇದೇ ಕಾರಣಕ್ಕೆ ಕಾಲಾಂತರದಲ್ಲಿ ತುಸು ಮೊಟ್ಟೆಯಾಕಾರಕ್ಕೆ ತಿರುಗುತ್ತವೆ. ಸ್ಟಾರ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ, ಫೆವಿಕಾಲ್ ಬಂದದ್ದು 1959ರಲ್ಲಿ. ಇವು ಕಂಡ ಮಾತ್ರಕ್ಕೆ ಕುರ್ಚಿ ನಕಲಿಯಾಗುವುದಿಲ್ಲ, ನಡುವೆ ಎಂದೋ ರಿಪೇರಿಯಾಗಿರಬಹುದು. ಎಲ್ಲ ಸಂದಿಗಳಲ್ಲೂ ಇವೇ ಇದ್ದರೆ ಮಾತ್ರ ನೂರು ವರ್ಷದ ಕಥೆ ನಿಲ್ಲುವುದಿಲ್ಲ.

ಸವೆತಕ್ಕೂ ಒಂದು ತರ್ಕವಿದೆ. ಅಂಗೈ ಊರುವ ಕೈತುದಿ, ಪಾದ ಇಡುವ ಮುಂದಿನ ಅಡ್ಡಪಟ್ಟಿ, ನೆಲ ತಾಗುವ ಕಾಲತುದಿ ಇವು ಹೆಚ್ಚು ಸವೆದಿರಬೇಕು. ಯಾರ ಕೈಯೂ ತಾಗದ ಜಾಗದಲ್ಲೂ ಅದೇ ಪ್ರಮಾಣದ ಗೀರು, ತರಚು ಕಂಡರೆ ಅದು ಉಪ್ಪು ಕಾಗದದ ಕೆಲಸ.

ಕುರ್ಚಿಯನ್ನು ಸಮನೆಲದಲ್ಲಿಟ್ಟು, ಕೂತು, ಒರಗಿ, ಎಡಬಲಕ್ಕೆ ವಾಲಿ ನೋಡುವುದು ಮುಂದಿನ ಹಂತ. ಸಂದಿ ಸಡಿಲವಾಗಿ ಅಲುಗಿದರೆ ಗಾಬರಿ ಬೇಡ. ಬಿಚ್ಚಿ, ಹಳೆಯ ಅಂಟು ತೆಗೆದು ಮತ್ತೆ ಕೂಡಿಸುವುದು ಬಡಗಿಗೆ ಕಷ್ಟದ ಕೆಲಸವಲ್ಲ. ಬಿಟ್ಟುಬಿಡಬೇಕಾದ ದೋಷಗಳು ಎರಡು. ಮೊದಲನೆಯದು, ಹಿಂದಿನ ಕಾಲು ಸೀಟಿನ ಪಟ್ಟಿಯನ್ನು ಸೇರುವಲ್ಲಿ ಬಿರುಕು. ಹಿಂದಕ್ಕೆ ವಾಲಿ ಕೂತವರ ಭಾರವೆಲ್ಲ ಬೀಳುವುದು ಅಲ್ಲೇ. ಅಂಟು, ಕಬ್ಬಿಣದ ಪಟ್ಟಿ ಯಾವುದೂ ಹೆಚ್ಚು ಕಾಲ ಬಾಳದು. ಎರಡನೆಯದು, ಬೆತ್ತ ಹೆಣೆಯಲು ಸೀಟಿನ ಪಟ್ಟಿಯಲ್ಲಿ ಕೊರೆದ ತೂತುಗಳ ಸಾಲಿನಗುಂಟ ಸೀಳು. ಆ ಪಟ್ಟಿಯನ್ನೇ ಬದಲಿಸಬೇಕಾಗುತ್ತದೆ, ಬದಲಿಸಿದ ಮೇಲೆ ಕುರ್ಚಿಯ ಅರ್ಧ ಬೆಲೆ ಹೋದಂತೆಯೇ.

ನಾಲ್ಕು ಅಥವಾ ಆರು ಕುರ್ಚಿಗಳ ಜೊತೆಯಾದರೆ ಪ್ರತಿಯೊಂದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಕು. ನಾಲ್ಕು ಹಳೆಯವಕ್ಕೆ ಎರಡು ಹೊಸದನ್ನು ಸೇರಿಸಿ ಆರು ಮಾಡುವುದು ಸಾಮಾನ್ಯ. ಒಂದೊಂದನ್ನೂ ಎತ್ತಿದರೆ ತೂಕವೇ ವ್ಯತ್ಯಾಸ ತೋರಿಸುತ್ತದೆ.

ಮರ, ಹುಳು, ತಿಗಣೆ

ದಕ್ಷಿಣ ಭಾರತದ ಹಳೆಯ ಕುರ್ಚಿಗಳು ಹೆಚ್ಚಾಗಿ ತೇಗ, ಬೀಟೆ, ಹಲಸಿನ ಮರದವು. ಬೀಟೆ ಎತ್ತಿದ ಕೂಡಲೇ ಭಾರ. ನೇರಳೆ ಛಾಯೆಯ ಕಂದಿನಲ್ಲಿ ಕಪ್ಪು ಗೆರೆಗಳು. ತೇಗ ಅದಕ್ಕಿಂತ ಹಗುರ, ಹೊಂಬಣ್ಣ. ಅಡಿಯಲ್ಲಿ ಸ್ವಲ್ಪ ಕೆರೆದರೆ ಚರ್ಮದಂಥ ಎಣ್ಣೆವಾಸನೆ ಬರುತ್ತದೆ. ಹಲಸು ಹಳದಿಯಾಗಿ ಹುಟ್ಟಿ ಕೆಂಗಂದಿಗೆ ತಿರುಗುತ್ತದೆ. ಮಾವಿನ ಮರಕ್ಕೆ ಬಣ್ಣ ಹಚ್ಚಿ ಬೀಟೆ ಎಂದು ಮಾರುವುದುಂಟು. ಕಾಣದ ಕಡೆ ಉಗುರಗಲ ಕೆರೆಯಲು ಬಿಡದ ವ್ಯಾಪಾರಿಯಿಂದ ಬೀಟೆಯ ಬೆಲೆ ಕೊಟ್ಟು ಕೊಳ್ಳಬಾರದು.

ತೇಗ, ಬೀಟೆಯ ಚೇಗಿಗೆ ಕುಟ್ಟೆ ಹಿಡಿಯುವುದು ಅಪರೂಪ. ಅದರ ಕಾಟ ಹೊರಗಿನ ಬಿಳಿಭಾಗಕ್ಕೆ ಮತ್ತು ಮೆದು ಮರಗಳಿಗೆ. ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಕುರ್ಚಿಯನ್ನು ನ್ಯೂಸ್ ಪೇಪರಿನ ಮೇಲಿಟ್ಟು ತಟ್ಟಬೇಕು. ಮೈದಾಹಿಟ್ಟಿನಂಥ ಪುಡಿ ಉದುರಿದರೆ ಹುಳು ಇನ್ನೂ ಜೀವಂತವಾಗಿರುವ ಸಂಭವವಿದೆ. ತೂತುಗಳು ಕಪ್ಪಾಗಿ, ಪುಡಿ ಬಾರದಿದ್ದರೆ ಹಳೆಯ ಗಾಯ. ಗೆದ್ದಲನ್ನು ಕಾಲಿನ ತುದಿಯಲ್ಲಿ ಮೊಳೆಯಿಂದ ಒತ್ತಿ ನೋಡಿ ತಿಳಿಯಬಹುದು.

ತಿಗಣೆಯ ವಿಷಯದಲ್ಲಿ ಸಂಕೋಚ ಸಲ್ಲದು. ಕಚೇರಿ, ಟಾಕೀಸು, ಲಾಡ್ಜುಗಳಿಂದ ಹರಾಜಿನಲ್ಲಿ ಬಂದ ಬೆತ್ತದ ಕುರ್ಚಿಗಳಲ್ಲಿ ಹೆಣಿಗೆಯ ತೂತುಗಳೇ ಅವುಗಳ ಮನೆ. ಕಪ್ಪು ಚುಕ್ಕೆಗಳು ಕಂಡರೆ ಹಳೆಯ ಬೆತ್ತವನ್ನು ಪೂರ್ತಿ ಕತ್ತರಿಸಿ ತೆಗೆದು, ತೂತುಗಳನ್ನು ಶುಚಿ ಮಾಡಿದ ನಂತರವೇ ಕುರ್ಚಿ ಮನೆಯೊಳಗೆ ಬರಬೇಕು. ಕುದಿನೀರು ಸುರಿದರೆ ತಿಗಣೆಯ ಜೊತೆಗೆ ಪಾಲಿಶೂ ಅಂಟೂ ಹೋಗುತ್ತವೆ.

ಬೆತ್ತ ಮತ್ತು ಪಾಲಿಶು

ಹರಿದ ಬೆತ್ತ ದೋಷವಲ್ಲ, ಬೆಲೆ ಇಳಿಸಲು ಸಿಕ್ಕ ಅವಕಾಶ. ಕೈಹೆಣಿಗೆಯಲ್ಲಿ ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು, ಓರೆಯಾಗಿ ಎರಡು ಹೀಗೆ ಆರು ಸುತ್ತು ಎಳೆಗಳು ತೂತುಗಳ ಮೂಲಕ ಹಾದುಹೋಗುತ್ತವೆ. ರೆಡಿಮೇಡ್ ಚಾಪೆಯನ್ನು ಸೀಟಿನ ಪಟ್ಟಿಯಲ್ಲಿ ಕೊರೆದ ತೋಡಿನಲ್ಲಿ ಒತ್ತಿ ಕೂರಿಸಿದ್ದಾದರೆ ಅಡಿಯಲ್ಲಿ ತೂತುಗಳೇ ಇರುವುದಿಲ್ಲ. ತೂತಿರುವ ಕುರ್ಚಿಗೆ ಚಾಪೆ ಅಂಟಿಸಿ, ಮೊಳೆ ಹೊಡೆದಿದ್ದರೆ ಅಗ್ಗದ ರಿಪೇರಿ ನಡೆದಿದೆ ಎಂದರ್ಥ. ಬೆತ್ತ, ಬಿದಿರಿನ ಕೆಲಸ ಮೇದರ ಕುಲಕಸುಬು. ಕುರ್ಚಿ ಹೆಣೆಯುವುದನ್ನು ಕಲಿಸುವ ಅಂಧರ ತರಬೇತಿ ಸಂಸ್ಥೆಗಳೂ ಇವೆ. ಮರುಹೆಣಿಗೆಯ ಖರ್ಚನ್ನು ಕೇಳಿಕೊಂಡು, ಅದನ್ನು ಸೇರಿಸಿಯೇ ಚೌಕಾಸಿ ಮಾಡಬೇಕು. ಹರಿಯದೆ ಜೋತುಬಿದ್ದ ಬೆತ್ತಕ್ಕೆ ಅಡಿಯಿಂದ ಬಿಸಿನೀರಿನ ಒದ್ದೆಬಟ್ಟೆ ಒತ್ತಿ, ನೆರಳಲ್ಲಿ ಒಣಗಿಸಿದರೆ ಅದು ಮತ್ತೆ ಬಿಗಿಯಾಗುತ್ತದೆ.

ಹಳೆಯ ಕುರ್ಚಿಗಳಿಗೆ ಹಚ್ಚುತ್ತಿದ್ದದ್ದು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಪಾಲಿಶು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ತಾಗಿಸಿದಾಗ ಅಂಟಂಟಾದರೆ ಅದು ಅರಗು. ಇಂಥ ಮೈಯನ್ನು ಪೂರ್ತಿ ಕೆರೆದು ಫಳಫಳ ಹೊಳೆಯುವ ಹೊಸ ಲೇಪ ಹಚ್ಚಿಸುವುದು ಬಹಳ ಮನೆಗಳಲ್ಲಿ ನಡೆಯುವ ಅನ್ಯಾಯ. ಒರೆಸಿ, ತೆಳುವಾಗಿ ಅರಗು ಅಥವಾ ಜೇನುಮೇಣ ಹಚ್ಚಿದರೆ ಸಾಕು.

ಎಲ್ಲಿ, ಏನನ್ನು ಬಿಡಬೇಕು

ಬೆಂಗಳೂರಿನ ಸಂಡೆ ಬಜಾರ್, ಕೊಚ್ಚಿಯ ಮಟ್ಟಾಂಚೇರಿ, ಚೆಟ್ಟಿನಾಡಿನ ಕಾರೈಕುಡಿ, ಮುಂಬೈಯ ಚೋರ್ ಬಜಾರ್ ಹುಡುಕಾಟಕ್ಕೆ ಹೆಸರಾದ ಜಾಗಗಳು. ಎಲ್ಲೇ ಕೊಂಡರೂ ಮರದ ಹೆಸರು, ಅಂದಾಜು ಕಾಲ, ಆಗಿರುವ ರಿಪೇರಿ ಬರೆದ ರಸೀದಿ ಕೇಳಬೇಕು.

ಚಂಡೀಗಢದ ಕುರ್ಚಿ ಎಂದು ಹೇಳಿ ಮಾರುವಲ್ಲಿ ಇನ್ನೂ ಎಚ್ಚರ ಬೇಕು. ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆಯ ಸೋದರಸಂಬಂಧಿ ಪಿಯರ್ ಜನರೇ 1950ರ ದಶಕದಿಂದ ಅಲ್ಲಿನ ಕಚೇರಿ, ಕಾಲೇಜುಗಳಿಗೆ ರೂಪಿಸಿದ ತೇಗ–ಬೆತ್ತದ ಕುರ್ಚಿಗಳು ಗುಜರಿಯಾಗಿ ಹರಾಜಾಗಿ, ಯುರೋಪಿನಲ್ಲಿ ಲಕ್ಷಗಟ್ಟಲೆ ಬೆಲೆಗೆ ಮಾರಾಟವಾದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟ, ರಫ್ತನ್ನು ತಡೆಯಿತು. ಈಗ ಅಂಗಡಿಯಲ್ಲಿ ಸಿಗುವವು ಬಹುಪಾಲು ಪ್ರತಿಗಳು. ಬೆನ್ನಿನ ಮೇಲೆ ಬಣ್ಣದಲ್ಲಿ ಬರೆದ ಕಚೇರಿಯ ಗುರುತುಗಳನ್ನೂ ನಕಲು ಮಾಡುತ್ತಾರೆ. ಪ್ರತಿಯೆಂದೇ ತಿಳಿದು, ಪ್ರತಿಯ ಬೆಲೆಗೆ ಕೊಂಡರೆ ಕೂರಲು ಸುಖವಾದ ಕುರ್ಚಿ ಅದು.

ಬೀಟೆಯಲ್ಲಿ ದಂತದ ಕುಸುರಿ ಕೂರಿಸಿದ ಮೈಸೂರು ಶೈಲಿಯ ಹಳೆಯ ಕುರ್ಚಿ ಎಷ್ಟೇ ಚೆಂದವಿದ್ದರೂ ಕೊಳ್ಳುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ಮಾರಾಟ ನಿಷಿದ್ಧ. ಅಜ್ಜನ ಕುರ್ಚಿಯನ್ನು ವಿದೇಶದ ಮನೆಗೆ ಒಯ್ಯಲು ಬಯಸುವವರಿಗೂ ನಿಯಮಗಳಿವೆ. ಪುರಾತನ ವಸ್ತುವೆಂದು ಪರಿಗಣಿತವಾದದ್ದನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ನೂರು ವರ್ಷ ತುಂಬದ್ದಕ್ಕೆ, ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕೊಡುತ್ತದೆ. ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳು 2017ರಿಂದ ವನ್ಯಜೀವಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿರುವುದರಿಂದ ಆ ಕುರಿತ ದಾಖಲೆಯನ್ನೂ ವಿಚಾರಿಸಿಕೊಳ್ಳಬೇಕು. ಸಾಗಣೆಯವರಿಗೆ ಮುಂಗಡ ಕೊಡುವ ಮೊದಲೇ ಈ ಕಾಗದಪತ್ರಗಳು ಕೈಸೇರಿರಲಿ.