ಹೊಸ ಟೈರಿಗೆ ಮೊದಲು
ಸೆಕೆಂಡ್ ಹ್ಯಾಂಡ್ ಕಾರು ತಂದವರು ಒಮ್ಮೆ ಟೈರಿನ ಮೇಲೆ ಅಂಗೈ ಆಡಿಸಿ ನೋಡಿ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಕಡಿಮೆ. ಒಂದೇ ಅಂಚಾದರೆ ಅಲೈನ್‌ಮೆಂಟ್ ತಪ್ಪಿರಬಹುದು. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನವಿರಲಿ.

ಹಲವರು ಹೊಸ ಟೈರ್ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ ನಿರಾಳರಾಗುತ್ತಾರೆ. ದಯವಿಟ್ಟು ಅವಸರಪಡಬೇಡಿ. ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಸಡಿಲವಾಗಿದ್ದರೆ ಅಲೈನ್‌ಮೆಂಟ್ ನಿಲ್ಲುವುದೇ ಇಲ್ಲ. ನಮ್ಮ ರಸ್ತೆಗಳ ಹಂಪು, ಗುಂಡಿಗಳಲ್ಲಿ ಹೊಸ ಟೈರೂ ಬೇಗನೆ ಹಾಗೆಯೇ ಸವೆಯುತ್ತದೆ. ಕಾರನ್ನು ಮೇಲೆತ್ತಿಸಿ, ಚಕ್ರ ಅಲ್ಲಾಡಿಸಿ ತೋರಿಸಲು ಮೆಕ್ಯಾನಿಕ್‌ಗೆ ಹೇಳಿ. ಶಾಕ್ ಅಬ್ಸಾರ್ಬರನ್ನು ಎಡ-ಬಲ ಜೋಡಿಯಾಗಿಯೇ ಬದಲಿಸಿ. ಅಲೈನ್‌ಮೆಂಟ್ ಇದೆಲ್ಲ ಆದಮೇಲೆ. ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿಯುವವರೆಗೂ ಕಾಯಬೇಡಿ, ಮಳೆಗಾಲಕ್ಕೆ ಮುಂಚೆಯೇ ಬದಲಿಸಿ. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ.